ತಾಲೀಮು ಏಳೂವರೆಗೆ ಮುಗಿಯಬೇಕು

ಹಳ್ಳಿಯಲ್ಲಿ ಹವ್ಯಾಸಿ ನಾಟಕ ತಂಡವನ್ನು ಇಷ್ಟು ವರ್ಷ ಹೇಗೆ ನಡೆಸಿದಿರಿ ಅಂತ ಹೊಸಬರು ಕೇಳಿದಾಗ ನಾನು ಮೊದಲು ಮಾತಾಡುವುದು ತಾಲೀಮಿನ ಹೊತ್ತಿನ ಬಗ್ಗೆ. ನಟನೆ, ಬೆಳಕು, ಹಾಡು ಎಲ್ಲ ಆಮೇಲೆ. ಯಾವ ಹೊತ್ತಿಗೆ ಸೇರುತ್ತೀರಿ ಅನ್ನುವುದರ ಮೇಲೆ ಯಾರು ಬರುತ್ತಾರೆ ಅನ್ನುವುದು ತೀರ್ಮಾನವಾಗುತ್ತದೆ. ಬಂದವರನ್ನು ನೋಡಿಕೊಂಡು ತಾನೇ ನಾಟಕ ಆರಿಸುವುದು?

ನಾನು ಮದುವೆಯಾಗಿ ಸಾಗರದ ಕಡೆಯ ಈ ಊರಿಗೆ ಬಂದಾಗ ಇಲ್ಲಿನ ಸಂಘದ ತಾಲೀಮು ಶಾಲೆಯಲ್ಲಿ ಶುರುವಾಗುತ್ತಿದ್ದದ್ದು ರಾತ್ರಿ ಊಟ ಆದ ಮೇಲೆ. ಒಂಬತ್ತಕ್ಕೆ ಸೇರಿ, ಎಲೆಯಡಿಕೆ ಕವಳ ಹಾಕಿ, ಮಾತಾಡಿ, ಮಧ್ಯರಾತ್ರಿವರೆಗೆ ನಡೆಯುತ್ತಿತ್ತು. ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದರು. ಕೇಳಿದರೆ "ಹೆಂಗಸರು ಬರೋದಿಲ್ಲವಲ್ಲ, ಎಂತ ಮಾಡೋದು" ಅನ್ನುತ್ತಿದ್ದರು. ತಾಲೀಮು ಮುಗಿಸಿ, ಆ ಹೊತ್ತಿನಲ್ಲಿ ಬ್ಯಾಟರಿ ಹಿಡಿದು, ತೋಟದ ದಾರಿಯಲ್ಲಿ ಒಬ್ಬಳೇ ಮನೆಗೆ ಹೋಗಬೇಕು ಅಂದರೆ ಯಾರು ತಾನೇ ಬರುತ್ತಾರೆ? ಇದನ್ನು ಯಾರೂ ಯೋಚಿಸಿರಲಿಲ್ಲ.

ನಮಗೆ ದಾರಿ ಮಾಡಿಕೊಟ್ಟದ್ದು ತಿರುಗಾಟ. ಹೆಗ್ಗೋಡಿನ ನೀನಾಸಮ್ ಕೂಡ 1949ರಲ್ಲಿ ಊರಿನ ಹವ್ಯಾಸಿಗಳೇ ಸೇರಿ ಕಟ್ಟಿದ ಸಂಘ. ಅಲ್ಲಿಂದ 1985ರಲ್ಲಿ ತಿರುಗಾಟ ಹೊರಟಿತು. ಕಲಿತ ನಟನಟಿಯರ ತಂಡವೊಂದು ನಾಟಕಗಳನ್ನು ಹೊತ್ತು ಊರೂರಿಗೆ ಹೋಗತೊಡಗಿತು. ಹುಡುಗಿಯರು ರಂಗದ ಮೇಲೆ ನಟಿಸುವುದನ್ನು, ಆಟ ಮುಗಿದ ಮೇಲೆ ಎಲ್ಲರ ಜೊತೆ ಸಾಮಾನು ಕಟ್ಟುವುದನ್ನು ನಮ್ಮವರೂ ನೋಡಿದರು. ಅದನ್ನು ನೋಡಿ ಬಂದ ನಮ್ಮ ಅತ್ತೆ ಒಂದು ದಿನ ತಾವಾಗೇ ಕೇಳಿದರು: "ಆ ಹುಡುಗೀರು ಊರೂರು ತಿರುಗ್ತಾರೆ, ನೀನು ಶಾಲೆವರೆಗೆ ಹೋದ್ರೆ ಎಂತ ಆಗ್ತದೆ?" ಮನೆಯಲ್ಲಿ ಅತ್ತೆ ಹೀಗಂದ ಮೇಲೆ ಊರಲ್ಲಿ ಯಾರ ಮಾತೂ ನಡೆಯಲಿಲ್ಲ.

ಸಂಘದ ಸಭೆಯಲ್ಲಿ ನಾನು ಕೇಳಿದ್ದು ಒಂದೇ. ತಾಲೀಮು ಸಂಜೆ ಐದಕ್ಕೆ ಶುರುವಾಗಿ ಏಳೂವರೆಗೆ ಮುಗಿಯಲಿ. ಇದಕ್ಕೆ ತಕರಾರು ಬಂದದ್ದು ಕೊಟ್ಟಿಗೆಯಿಂದ. ಸಂಜೆ ಹಾಲು ಕರೆಯಬೇಕು, ಡೇರಿಗೆ ಹಾಕಬೇಕು, ಐದಕ್ಕೆ ಎಲ್ಲಿಂದ ಬರುವುದು? ನ್ಯಾಯವಾದ ಮಾತೇ. ಆಗ ನಾನು ಹಳೇ ಕ್ಯಾಲೆಂಡರಿನ ಹಿಂದುಗಡೆ ಗೆರೆ ಎಳೆದು ಒಂದು ಪಟ್ಟಿ ಮಾಡಿದೆ. ಎಡಕ್ಕೆ ದೃಶ್ಯಗಳು, ಮೇಲೆ ಪಾತ್ರಗಳು, ಯಾವ ದೃಶ್ಯದಲ್ಲಿ ಯಾರಿದ್ದಾರೋ ಅಲ್ಲಿ ಒಂದು ಟಿಕ್ಕು. ಪಕ್ಕದಲ್ಲಿ ಅವರು ಎಷ್ಟು ಹೊತ್ತಿಗೆ ಬರಬಲ್ಲರು, ಎಷ್ಟು ಹೊತ್ತಿಗೆ ಹೋಗಬೇಕು ಅಂತ. ಕೊನೇ ಬಸ್ಸು ಹಿಡಿಯಬೇಕಾದ ಕಾಲೇಜು ಹುಡುಗಿಯರ ದೃಶ್ಯ ಮೊದಲು. ಡೇರಿಗೆ ಹಾಲು ಹಾಕಿ ಬರುವವರದ್ದು ಆಮೇಲೆ. ಎಲ್ಲರೂ ಇರುವ ದೃಶ್ಯಗಳು ಭಾನುವಾರಕ್ಕೆ. ನಾಟಕವನ್ನು ಮೊದಲಿಂದ ಕೊನೆವರೆಗೆ ವರಸೆಯಲ್ಲೇ ತಾಲೀಮು ಮಾಡಬೇಕು ಅನ್ನುವ ಹಟ ಬಿಟ್ಟರೆ ಅರ್ಧ ತಾಪತ್ರಯ ಕಳೆಯುತ್ತದೆ. ತಮ್ಮ ದೃಶ್ಯ ಇಲ್ಲದ ದಿನ ಜನರನ್ನು ಸುಮ್ನೆ ಬೆಂಚಿನ ಮೇಲೆ ಕೂರಿಸಬೇಡಿ. ಹಾಗೆ ಕೂತು ಕೂತು ಬೇಸತ್ತು ನಾಟಕವನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಒಳ್ಳೊಳ್ಳೆ ಕಲಾವಿದರು ಅವರು.

ವರ್ಷದ ಲೆಕ್ಕವೂ ಹೀಗೇ. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅದೂ ಅಲ್ಲದೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದು, ಗದ್ದೆ ನಾಟಿ. ಆ ತಿಂಗಳುಗಳಲ್ಲಿ ಯಾರದಾದರೂ ಮನೆಯ ಜಗಲಿಯಲ್ಲಿ ಕೂತು ನಾಟಕಗಳನ್ನು ಓದುತ್ತೇವೆ, ಅಷ್ಟೇ. ನಾಟಕ ಗೊತ್ತಾಗಿ ಪಾತ್ರ ಹಂಚುವ ಹೊತ್ತಿಗೆ ದೀಪಾವಳಿ ಬರುತ್ತದೆ, ಅದರ ಬೆನ್ನಿಗೇ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು. ಅಡಿಕೆ ಸುಲಿಯುವ ಕಾಲದಲ್ಲಿ ತಾಲೀಮು ನಿಲ್ಲಿಸಬೇಕು ಅಂತ ಹಿಂದೆ ಅನ್ನುತ್ತಿದ್ದರು. ನನಗೆ ಕಂಡ ಹಾಗೆ ಮಾತು ಬಾಯಿಪಾಠ ಮಾಡಲು ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕೂತಿರುತ್ತೀರಿ, ಕೈಗೆ ಕೆಲಸ, ಬಾಯಿ ಬಿಡುವಾಗಿರುತ್ತದೆ. ಒಬ್ಬರು ಎದುರಿನ ಪಾತ್ರದ ಮಾತು ಹೇಳಿದರೆ ಇನ್ನೊಬ್ಬರು ಉತ್ತರ ಕೊಡುತ್ತಾರೆ. ನಮ್ಮಲ್ಲಿ ಸುಲಿಯಲು ಬರುತ್ತಿದ್ದ ಒಬ್ಬ ಅಕ್ಕ ಹೀಗೇ ಕೇಳಿ ಕೇಳಿ ಇಡೀ ನಾಟಕ ಕಲಿತುಬಿಟ್ಟಿದ್ದಳು. ಮುಂದಿನ ವರ್ಷ ಅವಳಿಗೇ ಪಾತ್ರ ಕೊಟ್ಟೆವು. ಅವಳ ಮಾತಿನಲ್ಲಿ ಇದ್ದ ಸ್ಪಷ್ಟತೆ ಈಗಲೂ ನಮ್ಮ ತಂಡದಲ್ಲಿ ಯಾರಿಗೂ ಇಲ್ಲ. ಪುಸ್ತಕ ಬಿಟ್ಟು ಮಾತಾಡಲು ಬಂದ ಮೇಲೇ ನಾನು ರಂಗದ ಮೇಲಿನ ನಡೆ ಹೇಳಿಕೊಡುವುದು. ಕೈಯಲ್ಲಿ ಪುಸ್ತಕ ಇದ್ದವರಿಗೆ ಎದುರು ನಿಂತವರ ಮುಖ ಕಾಣುವುದಿಲ್ಲ ನೋಡಿ. ಪ್ರದರ್ಶನ ಸುಗ್ಗಿ ಕೆಲಸ ಮುಗಿದ ಮೇಲೆ, ಬೇಸಿಗೆಯ ಅಡ್ಡ ಮಳೆ ಶುರುವಾಗುವ ಮೊದಲು.

ನಾಟಕ ಆರಿಸುವಾಗ ಹಕ್ಕಿನ ವಿಷಯ ಬರುತ್ತದೆ. ಇದರಲ್ಲಿ ಗೊಂದಲ ಜಾಸ್ತಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಹವ್ಯಾಸಿ ಸಂಘಗಳಿಗೆ ಒಂದು ವಿನಾಯಿತಿ ಇದೆ. ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಆಡಿದರೆ ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಟಿಕೆಟ್ ಇಟ್ಟರೆ ಅನುಮತಿ ಬೇಕು. ಲೇಖಕರು ತೀರಿಕೊಂಡ ವರ್ಷ ಮುಗಿದು 60 ವರ್ಷ ಕಳೆದರೆ ಕೃತಿ ಎಲ್ಲರದ್ದು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಅವರು ಇದ್ದಾಗ ಅಚ್ಚಾದ ನಾಟಕಗಳನ್ನು ಧೈರ್ಯವಾಗಿ ಆಡಬಹುದು. ನಮ್ಮ ತೀರ್ಥಹಳ್ಳಿಯ ಕುವೆಂಪು 1994ರವರೆಗೆ ಇದ್ದರು, ಹಾಗಾಗಿ ಅವರ ಕೃತಿಗಳ ಹಕ್ಕು ಇನ್ನೂ ಇದೆ. ಟಿಕೆಟ್ ಇಲ್ಲದಿದ್ದರೂ ನಾವು ಲೇಖಕರಿಗೋ ಅವರ ಮನೆಯವರಿಗೋ ಒಂದು ಕಾಗದ ಬರೆಯುತ್ತೇವೆ. ನಾಟಕ ಬರೆದವರಿಗೆ ಯಾವ ಊರಲ್ಲಿ ಆಡುತ್ತಾರೆ ಅಂತ ಗೊತ್ತಾಗಬೇಕು, ಅಲ್ವಾ?

ಬೆಳಕಿನ ಬಗ್ಗೆ ಒಂದು ಮಾತು, ಜೀವದ ಪ್ರಶ್ನೆ ಅದು. 1000 ವ್ಯಾಟಿನ ಒಂದು ಹ್ಯಾಲೊಜೆನ್ ದೀಪ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಆರು ದೀಪ ಒಟ್ಟಿಗೆ ಹಾಕಿದರೆ 26 ಆಂಪಿಯರ್. ಶಾಲೆಯ ಗೋಡೆಯ ಸಣ್ಣ ಪ್ಲಗ್ಗು 6 ಆಂಪಿಯರಿನದು. ಅದರಿಂದ ವೈರು ಎಳೆದು ಎರಡು ದೀಪ ಉರಿಸಿದರೂ ಪ್ಲಗ್ಗು ಸುಡುತ್ತದೆ. ಈ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಇಲ್ಲವೇ ಜನರೇಟರ್ ತರಿಸಿ. ಅರ್ಥಿಂಗ್ ಇಲ್ಲದೆ ಕಬ್ಬಿಣದ ಕಂಬಕ್ಕೆ ದೀಪ ಕಟ್ಟಲೇಬೇಡಿ, ಮಲೆನಾಡಿನ ರಾತ್ರಿ ಇಬ್ಬನಿಗೆ ಎಲ್ಲವೂ ಒದ್ದೆಯಾಗುತ್ತದೆ. ಎಲ್‌ಇಡಿ ಬಂದ ಮೇಲೆ ಕರೆಂಟಿನ ಚಿಂತೆ ಕಡಿಮೆಯಾಗಿದೆ. ಆದರೆ ಬಣ್ಣ ಬದಲಿಸುವ ದೀಪಗಳು ಮುಖವನ್ನು ನೀಲಿಗಟ್ಟಿಸುತ್ತವೆ. ಮುಖಕ್ಕೆ ಹಳದಿ ಛಾಯೆಯ ಬಿಳಿ ದೀಪ ಎರಡಾದರೂ ಇರಲಿ.

ಪ್ರದರ್ಶನದ ಹೊತ್ತೂ ತಾಲೀಮಿನ ಹೊತ್ತಿನ ಹಾದಿಯನ್ನೇ ಹಿಡಿದಿದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಹಬ್ಬ, ಉತ್ಸವಗಳಿಗೆ 12ರವರೆಗೆ ಸಡಿಲ ಕೊಡಬಹುದು. ಹಿರಿಯರಿಗೆ ಬೆಳಗಿನವರೆಗೆ ಆಡುವ ನಾಟಕದ ಆಸೆ ಇನ್ನೂ ಇದೆ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಏಳಕ್ಕೆ ಶುರು ಮಾಡಿ ಒಂಬತ್ತೂವರೆಗೆ ಮುಗಿಸಿದರೆ ನೋಡುವವರಲ್ಲೂ ಹೆಂಗಸರು, ಮಕ್ಕಳು ಕೊನೆವರೆಗೆ ಕೂರುತ್ತಾರೆ.

ಈಗ ಪಟ್ಟಿ ಬರೆಯುವ ಕೆಲಸ ನನ್ನದಲ್ಲ, ಹಿಂದೆ ಬಸ್ಸಿಗೆ ಓಡುತ್ತಿದ್ದ ಹುಡುಗಿಯೊಬ್ಬಳದು. ಅವಳು ಅದನ್ನು ವಾಟ್ಸಾಪಿನಲ್ಲಿ ಹಾಕುತ್ತಾಳೆ. ಯಾರು ಯಾರನ್ನು ಬೈಕಿನಲ್ಲಿ ಮನೆಗೆ ಬಿಡಬೇಕು ಅನ್ನುವುದಕ್ಕೂ ಅದರಲ್ಲಿ ಒಂದು ಸಾಲು ಸೇರಿಸಿದ್ದಾಳೆ. ನಿಮ್ಮ ತಂಡದಲ್ಲೂ ಆ ಸಾಲು ಇರಲಿ.