ಪೂರ್ತಿ ಮಾಸ್ಟರ್ಸ್ ಮಾಡಲು ಆಗದಿದ್ದರೆ: ನಾನ್-ಡಿಗ್ರಿ, ಸರ್ಟಿಫಿಕೇಟ್, ಡಿಪ್ಲೊಮಾ ಆರಿಸಿಕೊಳ್ಳುವುದು ಹೇಗೆ?

ಪದವಿ ಮುಗಿದು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿರುತ್ತದೆ. ಮತ್ತೆ ಓದಬೇಕು ಅನ್ನಿಸುತ್ತದೆ. ಆದರೆ ಪೂರ್ತಿ ಮಾಸ್ಟರ್ಸ್ ಮಾಡುವಷ್ಟು ಸಮಯವೂ ಇಲ್ಲ, ದುಡ್ಡೂ ಇಲ್ಲ ಅಂತ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಕೈಬಿಡಬೇಡಿ. ಅದೇ ಸ್ನಾತಕೋತ್ತರ ತರಗತಿಯಲ್ಲಿ ಕೂತು, ಅದೇ ಪಾಠ ಕೇಳಿ, ಅದೇ ಪರೀಕ್ಷೆ ಬರೆಯುವ ಚಿಕ್ಕ ದಾರಿಗಳು ಹಲವು ಕಾಲೇಜುಗಳಲ್ಲಿ ಇವೆ.

ಮೊದಲು: ಯಾಕೆ ಓದಬೇಕು ಅಂತ ಬರೆದುಕೊಳ್ಳಿ

ಒಂದೇ ಸಾಲು ಸಾಕು. ಒಂದೆರಡು ವಿಷಯ ಕಲಿತರೆ ಸಾಕು ಅಥವಾ ಮಾಸ್ಟರ್ಸ್ ನನಗೆ ಒಗ್ಗುತ್ತದಾ ನೋಡಬೇಕು ಅನ್ನುವವರಿಗೆ ನಾನ್-ಡಿಗ್ರಿ ಸರಿ. ಇಲ್ಲಿ ನೀವು ಯಾವ ಕೋರ್ಸಿಗೂ ಸೇರಿರುವುದಿಲ್ಲ, ಬೇಕಾದ ವಿಷಯ ಮಾತ್ರ ತೆಗೆದುಕೊಳ್ಳುತ್ತೀರಿ. ಕೆಲಸದಲ್ಲಿ ತೋರಿಸಲು ಒಂದು ಪತ್ರ ಬೇಕು, ವಿಷಯ ಖಚಿತವಾಗಿದೆ ಅಂದರೆ ಸರ್ಟಿಫಿಕೇಟ್. ಇನ್ನೂ ಆಳಕ್ಕೆ ಇಳಿಯಬೇಕು, ಆದರೆ ಮಾಸ್ಟರ್ಸ್‌ನ ಕೊನೆಯ ದೊಡ್ಡ ಪ್ರಬಂಧ (ಥೀಸಿಸ್) ಬರೆಯುವಷ್ಟು ಪುರುಸೊತ್ತಿಲ್ಲ ಅಂದರೆ ಡಿಪ್ಲೊಮಾ.

ಹೆಸರು ನೋಡಬೇಡಿ, ಕ್ರೆಡಿಟ್ ಎಣಿಸಿ

ಡಿಪ್ಲೊಮಾ ಅನ್ನುವ ಪದಕ್ಕೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ. ಕೆಲವು ಕಡೆ ಅದು ಪದವಿಗಿಂತ ಕೆಳಗಿನದು, ಕೆಲವು ಕಡೆ ಮೇಲಿನದು. ಹಾಗಾಗಿ ಮಟ್ಟ ಯಾವುದು, ಕ್ರೆಡಿಟ್ ಎಷ್ಟು ಅಂತ ಕೇಳಿ. ಕ್ರೆಡಿಟ್ ಅಂದರೆ ಓದು ಎಷ್ಟಿದೆ ಅಂತ ಅಳೆಯುವ ಲೆಕ್ಕ.

ಇಂಗ್ಲೆಂಡಿನಲ್ಲಿ ಇದು ತುಂಬಾ ಸ್ಪಷ್ಟ. ಸಾಮಾನ್ಯವಾಗಿ ಸ್ನಾತಕೋತ್ತರ ಸರ್ಟಿಫಿಕೇಟಿಗೆ 60 ಕ್ರೆಡಿಟ್, ಡಿಪ್ಲೊಮಾಕ್ಕೆ 120, ಮಾಸ್ಟರ್ಸ್‌ಗೆ 180. ಮೂರೂ ಒಂದೇ ಮಟ್ಟದ ಓದು, ಅಲ್ಲಿನ ವಿದ್ಯಾರ್ಹತೆಗಳ ಶ್ರೇಣಿಯಲ್ಲಿ 7ನೇ ಹಂತ. ಅಲ್ಲಿ ಒಂದು ಕ್ರೆಡಿಟ್ ಅಂದರೆ ಸುಮಾರು 10 ಗಂಟೆ ಕಲಿಕೆ. ಅಂದರೆ ಸರ್ಟಿಫಿಕೇಟಿಗೇ 600 ಗಂಟೆ! ತರಗತಿ, ಮನೆಯ ಓದು, ಬರವಣಿಗೆ ಎಲ್ಲ ಸೇರಿ. 40 ವಾರಕ್ಕೆ ಹಂಚಿದರೆ ವಾರಕ್ಕೆ 15 ಗಂಟೆ. ಕೆಲಸ ಮುಗಿಸಿ ಬಂದು ದಿನಾ ಎರಡು ಗಂಟೆ ಕೂರುತ್ತೀರಾ, ಭಾನುವಾರವೂ? ಈ ಲೆಕ್ಕ ಸೇರುವ ಮೊದಲೇ ಹಾಕಿಕೊಳ್ಳಿ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಬಹಳಷ್ಟು ಮಾಸ್ಟರ್ಸ್ 30ರಿಂದ 36 ಕ್ರೆಡಿಟ್, ಸರ್ಟಿಫಿಕೇಟ್ ಹೆಚ್ಚಾಗಿ 12ರಿಂದ 18. ಒಂದು ವಿಷಯಕ್ಕೆ 3 ಕ್ರೆಡಿಟ್ ಅಂತ ಹಿಡಿದರೆ ನಾಲ್ಕರಿಂದ ಆರು ವಿಷಯ.

ಮುಂದೆ ಡಿಗ್ರಿಗೆ ಸೇರುತ್ತದಾ? ಬರಹದಲ್ಲಿ ಕೇಳಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಜನ ಮರೆಯುವುದೂ ಇದನ್ನೇ. ಇವತ್ತು ಓದಿದ್ದು ನಾಳೆ ಮಾಸ್ಟರ್ಸ್‌ಗೆ ಸೇರಿದಾಗ ಲೆಕ್ಕಕ್ಕೆ ಬರುತ್ತದೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ನಾನ್-ಡಿಗ್ರಿಯಲ್ಲಿ ಗಳಿಸಿದ ಕ್ರೆಡಿಟ್‌ಗೆ ಬಹಳ ಕಾಲೇಜುಗಳು ಮಿತಿ ಹಾಕುತ್ತವೆ. ನೀವು ಐದು ವಿಷಯ ಮುಗಿಸಿದ್ದರೂ ಎರಡೋ ಮೂರೋ ಮಾತ್ರ ಒಪ್ಪಬಹುದು, ಉಳಿದದ್ದಕ್ಕೆ ಕಟ್ಟಿದ ಫೀಸು ಹೋದ ಹಾಗೆಯೇ ಅಲ್ವಾ?

ಫೀಸು ಕಟ್ಟುವ ಮೊದಲು ವಿಭಾಗಕ್ಕೆ ಒಂದು ಇಮೇಲ್ ಹಾಕಿ. ಹೀಗೆ ಬರೆದರೆ ಸಾಕು: "ಈ ವಿಷಯಗಳ ಎಷ್ಟು ಕ್ರೆಡಿಟ್ ಮುಂದೆ ನಿಮ್ಮ ಮಾಸ್ಟರ್ಸ್‌ಗೆ ಸೇರುತ್ತದೆ? ಕನಿಷ್ಠ ಎಷ್ಟು ಗ್ರೇಡ್ ಬೇಕು? ಎಷ್ಟು ವರ್ಷದೊಳಗೆ ಬಳಸಿಕೊಳ್ಳಬೇಕು?" ಫೋನಿನಲ್ಲಿ "ಆಗುತ್ತೆ, ಬನ್ನಿ" ಅಂದದ್ದು ಎರಡು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ. ಉತ್ತರ ಬಂದ ಇಮೇಲ್ ಜೋಪಾನವಾಗಿ ಇಟ್ಟುಕೊಳ್ಳಿ.

ಇದರ ಉಲ್ಟಾ ದಾರಿಯೂ ಇದೆ. ಕೆಲವು ಕಾಲೇಜುಗಳಲ್ಲಿ ಮಾಸ್ಟರ್ಸ್‌ಗೆ ಸೇರಿ ನಡುವೆ ನಿಲ್ಲಿಸಬೇಕಾಗಿ ಬಂದರೆ, ಮುಗಿಸಿದ ಕ್ರೆಡಿಟ್ ನೋಡಿ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಕೊಡುತ್ತಾರೆ. ಮನೆಯ ಪರಿಸ್ಥಿತಿ ಹೇಗಿರುತ್ತದೋ ಅನ್ನುವ ಅಳುಕು ಇರುವವರು ಇದನ್ನೂ ಕೇಳಿ ನೋಡಿ.

ದುಡ್ಡು, ವೀಸಾ

ಅಮೆರಿಕದಲ್ಲಿ ಸುಮ್ನೆ ಒಂದೆರಡು ವಿಷಯ ತೆಗೆದುಕೊಳ್ಳುವವರಿಗೆ ಸರ್ಕಾರದ ವಿದ್ಯಾರ್ಥಿ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ಸರ್ಟಿಫಿಕೇಟಿಗೆ ಸಿಗಬಹುದು, ಆದರೆ ಆ ಕೋರ್ಸ್ ಅದಕ್ಕೆ ಅರ್ಹತೆ ಪಡೆದಿರಬೇಕು. ಹೊರದೇಶದಿಂದ ಹೋಗುವವರು ಇನ್ನೊಂದು ತಿಳಿದಿರಬೇಕು: ವಿದ್ಯಾರ್ಥಿಗಳಿಗೆ ಕೊಡುವ ಅಲ್ಲಿನ ಎಫ್-1 ವೀಸಾಕ್ಕೆ ಪೂರ್ಣಾವಧಿ ಓದು ಬೇಕು. ಸಂಜೆಯ ಒಂದು ತರಗತಿ ಸಾಲದು.

ಅರ್ಜಿ ಹಾಕುವಾಗ

ನಾನ್-ಡಿಗ್ರಿಯ ಅರ್ಜಿ ಚಿಕ್ಕದು. ಹೆಚ್ಚಾಗಿ ಫಾರಂ, ಪದವಿಯ ಅಂಕಪಟ್ಟಿ, ಅಷ್ಟೇ. ಆದರೆ ಸೀಟು ಮೊದಲು ಡಿಗ್ರಿ ವಿದ್ಯಾರ್ಥಿಗಳಿಗೆ ಹೋಗುವುದು ಜಾಸ್ತಿ, ಹಾಗಾಗಿ ನಿಮಗೆ ಬೇಕಾದ ವಿಷಯ ಭರ್ತಿಯಾದರೆ ಅಂತ ಎರಡನೇ ಆಯ್ಕೆ ಇಟ್ಟುಕೊಳ್ಳಿ. ನೋಂದಣಿಯಲ್ಲಿ ಕ್ರೆಡಿಟ್‌ಗಾಗಿಯೋ, ಆಡಿಟ್‌ಗಾಗಿಯೋ ಅಂತ ಕೇಳುತ್ತಾರೆ. ಆಡಿಟ್ ಅಂದರೆ ಪಾಠ ಕೇಳುವುದು ಮಾತ್ರ, ಕ್ರೆಡಿಟ್ ಬರುವುದಿಲ್ಲ. ಮುಂದೆ ಓದುವ ಆಸೆ ಚೂರಾದರೂ ಇದ್ದರೆ ಕ್ರೆಡಿಟ್ ಅಂತಲೇ ಗುರುತು ಹಾಕಿ.

ಸೆಮಿಸ್ಟರ್ ಮುಗಿದ ಮೇಲೆ ಅಂಕಪಟ್ಟಿ ತರಿಸಿಕೊಳ್ಳಿ. ಜೊತೆಗೆ ಪ್ರತಿ ವಿಷಯದ ಪಠ್ಯಕ್ರಮದ ಪ್ರತಿಯನ್ನೂ, ಯಾವ ವಾರ ಏನು ಪಾಠ ಅಂತ ಇರುವ ಆ ಹಾಳೆಗಳನ್ನು, ಬೇರೆ ಫೈಲಿನಲ್ಲಿ ಇಡಿ. ಇನ್ನೊಂದು ಕಾಲೇಜು ನಿಮ್ಮ ಕ್ರೆಡಿಟ್ ಒಪ್ಪಬೇಕಾದಾಗ ಮೊದಲು ಕೇಳುವುದು ಅದನ್ನೇ.