ಪರೀಕ್ಷೆಗೆ ಮೊದಲು ಚಪಾತಿ ಬಿಡಬೇಡಿ

ಹನ್ನೊಂದು ವರ್ಷ ನನ್ನ ಹಿಮೋಗ್ಲೋಬಿನ್ ಒಂಬತ್ತನ್ನು ದಾಟಲಿಲ್ಲ. ಧಾರವಾಡದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಕಪ್ಪುಹಲಗೆ ಬಿಟ್ಟು ಕುರ್ಚಿ ಹುಡುಕುವಷ್ಟು ಸುಸ್ತು. ಕಬ್ಬಿಣದ ಮಾತ್ರೆ ನುಂಗಿದೆ, ಬೀಟ್‌ರೂಟ್ ತಿಂದೆ, ಖರ್ಜೂರ ತಿಂದೆ, ಎರಡು ಸಲ ನರಕ್ಕೇ ಕಬ್ಬಿಣ ಏರಿಸಿಕೊಂಡೆ. ‘ಹೆಂಗಸರಿಗೆ ಇದು ಇದ್ದದ್ದೇ’ ಎಂದರು. ಬಾಯಿಹುಣ್ಣಿಗೆ ಒಂದು ಔಷಧ, ಹೊಟ್ಟೆ ಉಬ್ಬರಕ್ಕೆ ಇನ್ನೊಂದು, ಆಗಾಗ ಕಾಡುವ ಭೇದಿಗೆ ಮತ್ತೊಂದು. ಇವೆಲ್ಲ ಒಂದೇ ಬೇರಿನಿಂದ ಎದ್ದ ಚಿಗುರುಗಳಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ, ಲೆಕ್ಕ ಕೂಡಿಸುವುದೇ ಕಸುಬಾದ ನನಗೂ.

ಬೇರಿನ ಹೆಸರು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇರುತ್ತದೆ. ಅದು ಒಳಗೆ ಹೋದಾಗ ಕೆಲವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಎದ್ದು ನಿಂತು ಆಹಾರವನ್ನು ಹೀರಿಕೊಳ್ಳುವ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ಕಬ್ಬಿಣ ನುಂಗಿದರೂ ತೂತು ಕೊಡಕ್ಕೆ ನೀರು ಹಾಕಿದಂತೆ.

‘ಅದು ಪಂಜಾಬಿನವರ ಕಾಯಿಲೆ, ನಮಗೆಲ್ಲಿಂದ ಬಂತು’ ಎಂದು ಕೇಳಿದವರು ಹಲವರು. ಮಾತು ಪೂರ್ತಿ ಸುಳ್ಳಲ್ಲ. ಉತ್ತರ ಭಾರತದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಬ್ಬರಿಗೆ ಇದೆ. ದಕ್ಷಿಣದಲ್ಲಿ ಅದಕ್ಕಿಂತ ತೀರ ಕಡಿಮೆ, ನಾವು ಗೋಧಿ ತಿನ್ನುವುದೂ ಕಡಿಮೆ. ಆದರೆ ಕಡಿಮೆ ಎಂದರೆ ಸೊನ್ನೆಯಲ್ಲ. ಅಲ್ಲದೆ ನಮ್ಮ ಕಡೆ ಚಪಾತಿಯಿಲ್ಲದ ರಾತ್ರಿ ಊಟ ಎಲ್ಲಿದೆ? ಶನಿವಾರದ ಉಪವಾಸಕ್ಕೆ ಉಪ್ಪಿಟ್ಟು, ಸಕ್ಕರೆ ಕಾಯಿಲೆಯವರಿಗೆ ‘ಅನ್ನ ಬಿಡಿ, ಚಪಾತಿ ತಿನ್ನಿ’ ಎಂಬ ಉಪದೇಶ.

ನನ್ನ ಮೊದಲ ತಪ್ಪು

ಶಾಲೆಯ ಸಹೋದ್ಯೋಗಿಯೊಬ್ಬರು ‘ಗೋಧಿ ಬಿಟ್ಟು ನೋಡಿ ಟೀಚರ್’ ಎಂದರು. ಬಿಟ್ಟೆ. ಮೂರು ವಾರದಲ್ಲಿ ಹೊಟ್ಟೆ ತಣ್ಣಗಾಯಿತು. ನಾಲ್ಕು ತಿಂಗಳ ಬಳಿಕ, ಇನ್ನೇನು ರೋಗ ಸಿಕ್ಕಿಬಿದ್ದಿತು ಎಂಬ ಹಿಗ್ಗಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಫಲಿತಾಂಶ: ಏನೂ ಇಲ್ಲ.

ಹುಬ್ಬಳ್ಳಿಯ ಜಠರ ತಜ್ಞರು ಆ ಕಾಗದ ನೋಡಿ ಮೊದಲು ಕೇಳಿದ್ದು, ‘ಪರೀಕ್ಷೆಯ ದಿನಗಳಲ್ಲಿ ಗೋಧಿ ತಿನ್ನುತ್ತಿದ್ದಿರಾ?’ ಪರೀಕ್ಷೆ ಹುಡುಕುವುದು ಗ್ಲುಟೆನ್ ತಿಂದಾಗ ದೇಹ ಉಂಟುಮಾಡುವ ಪ್ರತಿಕಾಯಗಳನ್ನು. ತಿನ್ನುವುದು ನಿಂತರೆ ಅವು ತಿಂಗಳುಗಳಲ್ಲಿ ಇಳಿಯುತ್ತವೆ, ಕರುಳೂ ಮೆಲ್ಲಗೆ ಮಾಯುತ್ತದೆ. ಕಳ್ಳನನ್ನು ಊರಾಚೆ ಕಳಿಸಿ ಮನೆ ಶೋಧಿಸಿದ ಹಾಗೆ.

ಹಾಗಾಗಿ ಮತ್ತೆ ಗೋಧಿ ತಿನ್ನಬೇಕಾಯಿತು. ನನಗೆ ಹೇಳಿದ್ದು ದಿನಕ್ಕೆ ಎರಡು ಚಪಾತಿ, ಎಂಟು ವಾರ. ಒಂದು ಸಾಧಾರಣ ಚಪಾತಿಯಲ್ಲಿ ಎರಡೂವರೆಯಿಂದ ಮೂರು ಗ್ರಾಂ ಗ್ಲುಟೆನ್ ಇರುತ್ತದೆ; ಪರೀಕ್ಷೆಗೆ ಅಷ್ಟು ಧಾರಾಳ ಸಾಕು. ಸಾಮಾನ್ಯವಾಗಿ ಆರರಿಂದ ಎಂಟು ವಾರ ತಿನ್ನಲು ಹೇಳುತ್ತಾರೆ. ಮಕ್ಕಳ ವಿಷಯದಲ್ಲಿ, ಅಥವಾ ತಿಂದರೆ ಹಾಸಿಗೆ ಹಿಡಿಯುವವರ ವಿಷಯದಲ್ಲಿ, ಇದನ್ನು ವೈದ್ಯರನ್ನು ಕೇಳದೆ ಮಾಡಲೇಬಾರದು. ಆ ಎಂಟು ವಾರ ನಾನು ಶಾಲೆಯ ಶೌಚಾಲಯಕ್ಕೆ ಹತ್ತಿರವಿರುವ ತರಗತಿಯನ್ನೇ ಕೇಳಿ ಹಾಕಿಸಿಕೊಂಡಿದ್ದೆ. ಮೊದಲೇ ಪರೀಕ್ಷೆ ಮಾಡಿಸಿದ್ದರೆ ಇಷ್ಟೂ ತಪ್ಪುತ್ತಿತ್ತು. ಅನುಮಾನ ಬಂದಿದೆಯೇ? ಇವತ್ತೂ ಚಪಾತಿ ತಿನ್ನಿ, ನಾಳೆಯೂ ತಿನ್ನಿ, ಪರೀಕ್ಷೆ ಮುಗಿಯುವವರೆಗೆ ತಿನ್ನಿ.

ಏನು ಕೇಳಿ ಮಾಡಿಸಬೇಕು

ಮೊದಲನೆಯದು ಟಿಟಿಜಿ–ಐಜಿಎ ಎಂಬ ರಕ್ತ ಪರೀಕ್ಷೆ. ಬರಿಹೊಟ್ಟೆಯಲ್ಲಿ ಹೋಗಬೇಕೆಂದಿಲ್ಲ. ಐಜಿಎ ಎಂಬುದು ಒಂದು ಬಗೆಯ ಪ್ರತಿಕಾಯ; ಈ ಪರೀಕ್ಷೆಯ ಜೊತೆಗೆ ದೇಹದಲ್ಲಿರುವ ಒಟ್ಟು ಐಜಿಎ ಪ್ರಮಾಣವನ್ನೂ ನೋಡಿಸಿ. ಕೆಲವರ ದೇಹದಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಕಾಯಿಲೆ ಇದ್ದರೂ ಮೊದಲನೆಯ ಪರೀಕ್ಷೆ ‘ಇಲ್ಲ’ ಎನ್ನಬಹುದು. ಆಗ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಆಧಾರದ ಪರೀಕ್ಷೆ ಬೇಕಾಗುತ್ತದೆ. ಎಷ್ಟೋ ಲ್ಯಾಬಿನವರು ಒಟ್ಟು ಐಜಿಎಯನ್ನು ತಾವಾಗಿ ಸೇರಿಸುವುದಿಲ್ಲ, ಚೀಟಿಯಲ್ಲಿ ಬರೆಸಿಕೊಳ್ಳಬೇಕು.

‘ಇನ್ನೂರು ಆಹಾರಗಳ ಅಲರ್ಜಿ ಪತ್ತೆ’ ಎಂಬ ದುಬಾರಿ ಪ್ಯಾಕೇಜುಗಳೂ ಇವೆ. ಸೀಲಿಯಾಕ್ ಪತ್ತೆಗೆ ಅವು ಕೆಲಸಕ್ಕೆ ಬಾರವು. ಆ ಹಣದಲ್ಲಿ ಒಂದು ಒಳ್ಳೆಯ ಮಿಕ್ಸರ್ ಬರುತ್ತದೆ.

ನನ್ನ ಎರಡನೆಯ ಫಲಿತಾಂಶದಲ್ಲಿ ಲ್ಯಾಬಿನ ಮಿತಿ 10, ನನ್ನ ಅಂಕಿ 148. ಮುಂದಿನದು ಎಂಡೋಸ್ಕೋಪಿ. ಹಿಂದಿನ ರಾತ್ರಿಯಿಂದ ಉಪವಾಸ, ಗಂಟಲಿಗೆ ಮರಗಟ್ಟಿಸುವ ಔಷಧ, ಹತ್ತು ನಿಮಿಷದ ಕೆಲಸ. ನೋವಿಗಿಂತ ವಾಕರಿಕೆಯೇ ಹೆಚ್ಚು. ಕರುಳು ಕಣ್ಣಿಗೆ ಸರಿಯಾಗಿಯೇ ಕಂಡರೂ ತುಣುಕು ತೆಗೆದು ಪರೀಕ್ಷಿಸಬೇಕು: ಜಠರದ ಆಚೆಗಿನ ಡಿಯೋಡಿನಮ್‌ನಿಂದ ಕನಿಷ್ಠ ನಾಲ್ಕು, ಅದರ ಬಾಯಿಯ ಬಳಿಯಿಂದ ಒಂದೆರಡು. ಹಾನಿ ಅಲ್ಲಲ್ಲಿ ತೇಪೆ ತೇಪೆಯಾಗಿರಬಹುದಾದ್ದರಿಂದ ಒಂದೇ ತುಣುಕನ್ನು ನಂಬುವಂತಿಲ್ಲ. ಒಳಗೆ ಹೋಗುವ ಮೊದಲೇ ಇದನ್ನು ಕೇಳಿಕೊಳ್ಳಿ, ಮಂಪರಿನಲ್ಲಿ ಕೇಳಲಾಗುವುದಿಲ್ಲ. ವರದಿಯಲ್ಲಿ ‘ಮಾರ್ಷ್’ ಎಂಬ ಶ್ರೇಣಿ ಇರುತ್ತದೆ. ಮೂರು ಎಂದರೆ ವಿಲ್ಲೈ ಸವೆದಿವೆ ಎಂದರ್ಥ, ನನ್ನದು 3ಬಿ.

ಮಕ್ಕಳಲ್ಲಿ ಟಿಟಿಜಿ ಅಂಕಿ ಮಿತಿಯ ಹತ್ತು ಪಟ್ಟು ದಾಟಿ, ಇನ್ನೊಂದು ಸಲ ತೆಗೆದ ರಕ್ತದಲ್ಲಿ ಇಎಂಎ ಎಂಬ ಪರೀಕ್ಷೆಯೂ ಹೌದೆಂದರೆ ತುಣುಕು ತೆಗೆಯದೆಯೂ ನಿರ್ಧರಿಸಬಹುದು ಎಂದು ಯುರೋಪಿನ ಮಕ್ಕಳ ತಜ್ಞರು 2020ರಲ್ಲಿ ಮಾರ್ಗಸೂಚಿ ಕೊಟ್ಟಿದ್ದಾರೆ. ಡಿಕ್ಯು2, ಡಿಕ್ಯು8 ಎಂಬ ವಂಶವಾಹಿ ಪರೀಕ್ಷೆಯನ್ನು ಎಲ್ಲರೂ ಮಾಡಿಸಬೇಕಿಲ್ಲ. ಅದು ಇದ್ದರೆ ಕಾಯಿಲೆ ಇದೆ ಎಂದಲ್ಲ. ಎರಡೂ ಇಲ್ಲದಿದ್ದರೆ ಮಾತ್ರ ಈ ಕಾಯಿಲೆಯನ್ನು ಬಹುತೇಕ ಮರೆತುಬಿಡಬಹುದು.

ಕಾಯಿಲೆ ಖಚಿತವಾದ ವಾರದಲ್ಲೇ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ಡಿ ಜೀವಸತ್ವ, ಥೈರಾಯ್ಡ್ ಪರೀಕ್ಷೆಗಳು ಮತ್ತು ಮೂಳೆಯ ಸಾಂದ್ರತೆಯ ಸ್ಕ್ಯಾನ್ ಮುಗಿಸಿಕೊಂಡೆ. ಮೊದಲ ಕೆಲವು ತಿಂಗಳು ಹಾಲೂ ಒಗ್ಗಲಿಲ್ಲ. ಕರುಳು ಮಾಯುತ್ತಾ ಬಂದಂತೆ ಅದು ತಾನಾಗಿ ಸರಿಹೋಯಿತು.

ಗಿರಣಿ, ಜರಡಿ, ಇಂಗು

ಈ ಕಾಯಿಲೆಗೆ ಮಾತ್ರೆಯಿಲ್ಲ. ಔಷಧವೆಂದರೆ ಊಟವೇ. ಇದು ಗೊತ್ತಾದ ಕಥೆಯಲ್ಲಿ ಯುದ್ಧವೊಂದಿದೆ. 1944–45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡು ಸಿಗದೆ ಜನ ಹಸಿದು ಸಾಯುತ್ತಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಗೋಧಿಯ ಮೇಲೆ ಮೊದಲಿನಿಂದಲೂ ಅನುಮಾನವಿದ್ದ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯರಿಗೆ ಅದು ಗಟ್ಟಿಯಾಯಿತು. ಅದೇ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ಬೆಂಗಳೂರಿನ ಎಂಟಿಆರ್‌ನಲ್ಲಿ ರವೆ ಇಡ್ಲಿ ಹುಟ್ಟಿತು ಎನ್ನುತ್ತಾರೆ. ನನ್ನಂಥವರ ತಟ್ಟೆಯಿಂದ ಅಲ್ಲಿ ಗೋಧಿಯನ್ನು ತೆಗೆದ ಯುದ್ಧವೇ ಇಲ್ಲಿ ಅದನ್ನು ಇಡ್ಲಿಯೊಳಗೂ ಸೇರಿಸಿತು.

ಉತ್ತರ ಕರ್ನಾಟಕದಲ್ಲಿ ಹುಟ್ಟಿದ್ದು ನನ್ನ ಪುಣ್ಯ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನವಣೆ ಅನ್ನ, ಚುರುಮುರಿಯ ಗಿರಮಿಟ್, ಸುಸಲ, ಝುಣಕ, ಅವಲಕ್ಕಿ, ಮಂಡ್ಯದ ಕಡೆಯ ನಂಟರ ಮನೆಯಲ್ಲಾದರೆ ರಾಗಿ ಮುದ್ದೆ, ಯಾವುದರಲ್ಲೂ ಗ್ಲುಟೆನ್ ಇಲ್ಲ. ಡಬ್ಬಿಯ ಮೇಲೆ ‘ಗ್ಲುಟೆನ್ ಮುಕ್ತ’ ಎಂದು ಬರೆದು ನಾಲ್ಕು ಪಟ್ಟು ಬೆಲೆಗೆ ಮಾರುವ ಬಿಸ್ಕತ್ತನ್ನು ನಾನು ವರ್ಷಕ್ಕೆ ಎರಡು ಸಲ ಕೊಳ್ಳುತ್ತೇನೆ, ಅದೂ ಪ್ರವಾಸಕ್ಕೆ.

ಹಾಗಿದ್ದೂ ಆರು ತಿಂಗಳ ಬಳಿಕ ನನ್ನ ಟಿಟಿಜಿ ಇನ್ನೂ 90ರಲ್ಲೇ ನಿಂತಿತ್ತು. ಅದು ನಿಧಾನವಾಗಿ ಇಳಿಯುತ್ತದೆ, ನಿಜ, ಆದರೆ ಇಷ್ಟು ನಿಧಾನವಲ್ಲ ಎಂದರು ವೈದ್ಯರು. ಗೋಧಿ ಮುಟ್ಟಿಯೇ ಇಲ್ಲ ಎಂದು ಆಣೆ ಮಾಡಿದೆ. ಆ ಸಂಜೆ ಗಿರಣಿಯಲ್ಲಿ ಪಾಳಿಗೆ ನಿಂತಾಗ ಉತ್ತರ ಸಿಕ್ಕಿತು. ನನ್ನ ಮುಂದಿನವರ ಗೋಧಿ ಮುಗಿಯಿತು. ಅದೇ ಕಲ್ಲಿಗೆ ನನ್ನ ಜೋಳ ಸುರಿದರು. ಡಬ್ಬಿಗೆ ಮೊದಲು ಬಿದ್ದದ್ದು ಅವರ ಹಿಟ್ಟು. ವರ್ಷಗಟ್ಟಲೆ ನೋಡಿದ ದೃಶ್ಯವೇ, ಕಂಡದ್ದು ಮಾತ್ರ ಅಂದು.

ಈಗ ಮನೆಯಲ್ಲೇ ಒಂದು ಸಣ್ಣ ಗಿರಣಿ ಇಟ್ಟಿದ್ದೇನೆ. ಅದಾಗದವರು ಜೋಳಕ್ಕೋ ರಾಗಿಗೋ ಪ್ರತ್ಯೇಕ ಕಲ್ಲಿರುವ ಗಿರಣಿ ಹುಡುಕಿಕೊಳ್ಳಬೇಕು. ‘ಮೊದಲು ಒಂದು ಕಿಲೋ ಅಕ್ಕಿ ಹಾಕಿ ಕಲ್ಲು ತೊಳೆದುಕೊಳ್ಳಿ’ ಎಂದು ಸಲಹೆ ಕೊಡುವವರಿದ್ದಾರೆ, ನಾನು ನೆಚ್ಚುವುದಿಲ್ಲ. ಕಾಳನ್ನೂ ನೋಡಬೇಕು. ನಮ್ಮ ಕಡೆ ಜೋಳ, ಗೋಧಿ ಎರಡೂ ಹಿಂಗಾರಿ ಬೆಳೆ, ಒಂದೇ ಕಣ, ಅವೇ ಚೀಲ. ಮೊರದಲ್ಲಿ ಕೇರಿ, ಆರಿಸಿ, ತೊಳೆದು ಒಣಗಿಸುತ್ತೇನೆ. ಐದು ಕಿಲೋ ಜೋಳದಲ್ಲಿ ಒಂದು ಸಲ ಇಪ್ಪತ್ತಾರು ಗೋಧಿ ಕಾಳು ಎಣಿಸಿದ್ದೆ.

ಅಡುಗೆಮನೆಯಲ್ಲಿ ನನ್ನ ಹಂಚು, ಪರಾತ, ಲಟ್ಟಣಿಗೆ ಬೇರೆ. ಎಲ್ಲರೂ ಮರೆಯುವುದು ಜರಡಿಯನ್ನು. ಅದರ ಜಾಲರಿಯೊಳಗಿನ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ. ನನ್ನ ಜರಡಿಗೆ ಕೆಂಪು ದಾರ ಕಟ್ಟಿದ್ದೇನೆ. ಮೊದಮೊದಲು ಅತ್ತೆ ಇದನ್ನೆಲ್ಲ ಹೊಸ ಮಡಿ ಎಂದು ನಕ್ಕರು. ಈಗ ಮನೆಗೆ ಬಂದವರು ಆ ಜರಡಿಗೆ ಕೈ ಹಾಕಿದರೆ ಅವರೇ ಗದರುತ್ತಾರೆ.

ಇನ್ನು ಇಂಗು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಶುದ್ಧ ಇಂಗಲ್ಲ. ಅಂಟು ಮತ್ತು ಹಿಟ್ಟು ಬೆರೆಸಿದ ಇಂಗು. ಆ ಹಿಟ್ಟು ಬಹಳ ಸಲ ಗೋಧಿಯದು ಅಥವಾ ಮೈದಾ. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ. ಇಂಗು ಎಂದರೆ ಸಾರಿನ ಪುಡಿ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲವೂ ಲೆಕ್ಕಕ್ಕೆ ಬಂದವು. ಹಾರ್ಲಿಕ್ಸ್‌ನಂಥ ಮಾಲ್ಟ್ ಪೇಯಗಳಲ್ಲಿ ಗೋಧಿ, ಬಾರ್ಲಿ ಎರಡೂ ಇವೆ. ರೋಗಿಯನ್ನು ನೋಡಲು ಬರುವವರು ತರುವುದು ಮಾತ್ರ ಅದನ್ನೇ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಓಟ್ಸ್ ಗೋಧಿಯ ಜೊತೆ ಬೆರೆತು ಬರುವುದೇ ಹೆಚ್ಚು, ಮೊದಲ ವರ್ಷ ಅದರ ತಂಟೆಗೆ ಹೋಗಲಿಲ್ಲ. ಖಪಲಿ ಗೋಧಿ ‘ಹಳೆಯ ತಳಿ, ಏನೂ ಆಗುವುದಿಲ್ಲ’ ಎಂದು ನನ್ನ ವೈನಿ ಬೆಳಗಾವಿಯಿಂದ ಐದು ಕಿಲೋ ಕಳಿಸಿದ್ದರು. ಹಳೆಯದಾದರೂ ಗೋಧಿ ಗೋಧಿಯೇ. ಗಂಡ, ಮಗಳು ಹುಗ್ಗಿ ಮಾಡಿಸಿಕೊಂಡು ಉಂಡರು.

ಹೊರಗೆ ಉಣ್ಣುವಾಗ

ಒಂದು ಹೋಟೆಲಿನಲ್ಲಿ ‘ಇದರಲ್ಲಿ ಗೋಧಿ ಇದೆಯೇ?’ ಎಂದು ಕೇಳಿದೆ. ‘ಇಲ್ಲ ಮೇಡಂ, ಬರೀ ರವೆ’ ಎಂದ ಹುಡುಗ. ಅವನು ಮೋಸ ಮಾಡುತ್ತಿರಲಿಲ್ಲ. ರವೆ, ಮೈದಾ, ಶಾವಿಗೆ ಎಲ್ಲವೂ ಗೋಧಿಯ ಮಕ್ಕಳೆಂಬುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ‘ಗ್ಲುಟೆನ್’ ಎಂದು ಕೇಳಿದರಂತೂ ಅಜಿನೊಮೊಟೊ ಹಾಕುವುದಿಲ್ಲ ಎಂಬ ಉತ್ತರ ಬರುತ್ತದೆ. ಅಂದಿನಿಂದ ಒಂದೊಂದೇ ಹೆಸರು ಹಿಡಿದು ಕೇಳುತ್ತೇನೆ: ಮೈದಾ ಇದೆಯೇ, ರವೆ ಇದೆಯೇ, ಗೋಧಿ ಹಿಟ್ಟು ಇದೆಯೇ. ಆಮೇಲೆ ಎಣ್ಣೆ. ಪೂರಿ ಕರಿದ ಎಣ್ಣೆಯಲ್ಲೇ ಕರಿದ ಮಿರ್ಚಿ ಭಜಿ ಕಡಲೆ ಹಿಟ್ಟಿನದಾದರೂ ನನಗೆ ಬೇಡ. ಖಾನಾವಳಿಗಳಲ್ಲಿ ರೊಟ್ಟಿಗೂ ಚಪಾತಿಗೂ ಒಂದೇ ಹಂಚು. ಅಲ್ಲಿ ಅನ್ನವೇ ವಾಸಿ. ದೋಸೆ ಗರಿಗರಿಯಾಗಲು ರವೆಯನ್ನೋ ಮೈದಾವನ್ನೋ ಸೇರಿಸುವವರಿದ್ದಾರೆ, ಅಕ್ಕಿಯ ಇಡ್ಲಿಯಲ್ಲಿ ಆ ಭಯ ಕಡಿಮೆ.

ಮದುವೆಮನೆಯಲ್ಲಿ ಮನೆಯವರನ್ನು ಕೇಳಬೇಡಿ, ಅವರಿಗೆ ಗೊತ್ತಿರುವುದಿಲ್ಲ. ನೇರವಾಗಿ ಅಡುಗೆಯವರನ್ನು ಕಾಣಿ. ಚೀಲದಲ್ಲಿ ಸದಾ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇರುತ್ತದೆ; ವಾರಗಟ್ಟಲೆ ಕೆಡದ ಇಂಥ ಬುತ್ತಿ ಬೇರೆ ಯಾವ ನಾಡಿನ ಸೀಲಿಯಾಕ್ ರೋಗಿಗೂ ಸಿಗಲಿಕ್ಕಿಲ್ಲ.

ಸತ್ಯನಾರಾಯಣ ಪೂಜೆಯ ಪ್ರಸಾದವೇ ಅತಿ ಕಷ್ಟದ್ದು. ಅದು ರವೆಯದು, ಬೇಡ ಎನ್ನುವಂತಿಲ್ಲ. ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಪಕ್ಕದಲ್ಲಿ ಕುಳಿತ ಮಗಳಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತೇನೆ. ಸಕ್ಕರೆ, ಬಾಳೆಹಣ್ಣು ಸಿಕ್ಕರೆ ಅದೇ ನನ್ನ ಪ್ರಸಾದ.

‘ಚೂರು ತಿಂದರೆ ಏನಾಗುತ್ತದೆ’ ಎಂಬವರಿಗೆ ನಾನು ಲೆಕ್ಕ ಹೇಳುತ್ತೇನೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಹೋದರೂ ಕೆಲವು ತಿಂಗಳಲ್ಲಿ ಕರುಳು ಮತ್ತೆ ಕೆಡಬಹುದು. ಒಂದು ಬ್ರೆಡ್ ತುಂಡಿನಲ್ಲಿರುವುದು ಸುಮಾರು 2 ಗ್ರಾಂ. ಎಂದರೆ ಆ ತುಂಡಿನ ನಲವತ್ತನೆಯ ಒಂದು ಪಾಲು, ಒಂದು ಚಿವುಟು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐ ನಿಯಮದಂತೆ ‘ಗ್ಲುಟೆನ್ ಮುಕ್ತ’ ಎನ್ನಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಅರ್ಧ ಕಿಲೋ ತಿಂದರೂ ಹತ್ತೇ ಮಿಲಿಗ್ರಾಂ. ನನ್ನ ಎಂಟನೆಯ ತರಗತಿಯ ಮಕ್ಕಳು ಇದನ್ನು ಎರಡು ನಿಮಿಷದಲ್ಲಿ ಬಿಡಿಸುತ್ತಾರೆ, ನಂಟರಿಗೆ ಎರಡು ವರ್ಷ ಬೇಕಾಯಿತು.

ಮನೆಯ ಗಿರಣಿ ಬಂದು ಒಂದು ವರ್ಷಕ್ಕೆ ಟಿಟಿಜಿ ಮಿತಿಯೊಳಗೆ ಬಂತು, ಹಿಮೋಗ್ಲೋಬಿನ್ 12.3. ಈಗ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರುತ್ತೇನೆ.

ಒಂದು ಕೆಲಸ ಉಳಿದಿತ್ತು. ಒಬ್ಬರಿಗೆ ಈ ಕಾಯಿಲೆ ಇದ್ದರೆ ಅಪ್ಪ, ಅವ್ವ, ಒಡಹುಟ್ಟಿದವರು, ಮಕ್ಕಳು ಎಲ್ಲರೂ, ತೊಂದರೆ ಕಾಣದಿದ್ದರೂ, ಪರೀಕ್ಷೆ ಮಾಡಿಸಬೇಕು. ತಮ್ಮ ಮಾಡಿಸಿದ, ಇಲ್ಲ. ಅವ್ವ ‘ಎಪ್ಪತ್ತು ವರ್ಷ ತಿಂದಿದ್ದೇನೆ, ಇನ್ನೇನು ನೋಡುತ್ತಾರೆ’ ಎಂದು ತಳ್ಳಿಹಾಕುತ್ತಿದ್ದಾಳೆ. ಅವಳದೂ ಹಳೆಯ ರಕ್ತಹೀನತೆ, ನಾನು ಬಿಡುವವಳಲ್ಲ. ಹದಿಮೂರರ ಮಗಳಿಗೆ ಸದ್ಯಕ್ಕೆ ಇಲ್ಲ, ಆದರೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಿಸಬೇಕು. ನನ್ನ ಮೇಲಿನ ಕನಿಕರಕ್ಕೆ ಅವಳು ಒಮ್ಮೆ ‘ನಾನೂ ರೊಟ್ಟಿಯನ್ನೇ ತಿನ್ನುತ್ತೇನೆ ಅವ್ವ’ ಎಂದಳು. ಗದರಿ, ತಟ್ಟೆಗೆ ಎರಡು ಚಪಾತಿ ಹಾಕಿಸಿದೆ.