ಪ್ರೋಗ್ರಾಮಿಂಗ್‌ನಿಂದ ಕನ್ಸಲ್ಟಿಂಗ್‌ಗೆ: ಲೆಕ್ಕದ ಕೋಣೆಯಿಂದ ಆರಂಭಿಸಿ

ಹತ್ತು ಹನ್ನೆರಡು ವರ್ಷ ಜಾವಾ, ಡಾಟ್‌ನೆಟ್, ಡೇಟಾಬೇಸ್‌ಗಳಲ್ಲಿ ಕೈ ಪಳಗಿಸಿಕೊಂಡು ಈಗ ಮಂಗಳೂರಿಗೋ ಉಡುಪಿಗೋ ಮರಳಿ ನೆಲೆಸಿರುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಎಂಟರ್‌ಪ್ರೈಸ್ ಸಾಫ್ಟ್‌ವೇರ್ ಕನ್ಸಲ್ಟಿಂಗ್‌ಗೆ ಬರಬೇಕಾದರೆ ಯಾವ ಸರ್ಟಿಫಿಕೇಟ್ ಮಾಡಬೇಕು? ಸರ್ಟಿಫಿಕೇಟಿನ ಮಾತು ಆಮೇಲೆ. ಖರೀದಿ, ದಾಸ್ತಾನು, ಉತ್ಪಾದನೆ, ಮಾರಾಟ, ಸಂಬಳ, ಲೆಕ್ಕಪತ್ರಗಳನ್ನೆಲ್ಲ ಒಂದೇ ಕಡೆ ಹೆಣೆಯುವ ಇಆರ್‌ಪಿಯಂಥ ತಂತ್ರಾಂಶವನ್ನು ಸಂಸ್ಥೆಯೊಂದರ ದಿನನಿತ್ಯದ ವ್ಯವಹಾರಕ್ಕೆ ಹೊಂದಿಸಿಕೊಡುವವರೇ ಕನ್ಸಲ್ಟೆಂಟ್. ತಂತ್ರಾಂಶ ಏನು ಮಾಡಬೇಕು ಎಂಬುದನ್ನು ಪ್ರೋಗ್ರಾಮರ್‌ಗೆ ಬೇರೆ ಯಾರೋ ಬರೆದುಕೊಟ್ಟಿರುತ್ತಾರೆ. ಅದನ್ನು ಬರೆದುಕೊಡುವ ಹೊಣೆಯೇ ಕನ್ಸಲ್ಟೆಂಟ್‌ನದು. ಆದ್ದರಿಂದ ಹೊಸ ಭಾಷೆಯೊಂದನ್ನು ಕಲಿತ ಮಾತ್ರಕ್ಕೆ ಈ ದಾಟುವಿಕೆ ಆಗುವುದಿಲ್ಲ.

ಮೊದಲು ಡೆಬಿಟ್, ಕ್ರೆಡಿಟ್

ಮೊದಲ ಮೂರು ತಿಂಗಳು ಯಾವ ತಂತ್ರಾಂಶವನ್ನೂ ಮುಟ್ಟದೆ ಲೆಕ್ಕಶಾಸ್ತ್ರ ಕಲಿಯಿರಿ ಎಂಬುದು ನನ್ನ ದೃಢವಾದ ಸಲಹೆ. ಉದಾಹರಣೆಗೆ, ಸಾಮಾನು ಗೋದಾಮಿಗೆ ಬಂದಿದೆ, ಬಿಲ್ ಇನ್ನೂ ಬಂದಿಲ್ಲ ಎಂದುಕೊಳ್ಳಿ. ಆಗ ದಾಸ್ತಾನಿನ ಖಾತೆಗೆ ಡೆಬಿಟ್ ಆಗುತ್ತದೆ, ಆದರೆ ಕ್ರೆಡಿಟ್ ನೇರವಾಗಿ ಪೂರೈಕೆದಾರರ ಖಾತೆಗೆ ಹೋಗದೆ ನಡುವಿನ ಒಂದು ಖಾತೆಯಲ್ಲಿ ಕುಳಿತಿರುತ್ತದೆ. ಬಿಲ್ ಬಂದು, ಖರೀದಿ ಆದೇಶ, ಸಾಮಾನಿನ ರಸೀದಿ ಮತ್ತು ಬಿಲ್ ಮೂರೂ ತಾಳೆಯಾದ ಮೇಲೆ ಮಾತ್ರ ಆ ಮೊತ್ತ ಪೂರೈಕೆದಾರರ ಹೆಸರಿಗೆ ಸೇರುತ್ತದೆ. ನಡುವಿನ ಆ ಖಾತೆಯಲ್ಲಿ ತಿಂಗಳುಗಟ್ಟಲೆ ಬಾಕಿ ಏಕೆ ಉಳಿದಿದೆ ಎಂದು ವಿವರಿಸಬಲ್ಲವರ ಮಾತನ್ನು ಫೈನಾನ್ಸ್ ಮ್ಯಾನೇಜರ್ ಗಮನವಿಟ್ಟು ಕೇಳುತ್ತಾರೆ.

ಇದನ್ನು ಕಲಿಸುವವರಿಗೆ ನಮ್ಮಲ್ಲಿ ಬರವಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್ ಹುಟ್ಟಿದ ಕರಾವಳಿಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಪರಿಚಯಸ್ಥರಲ್ಲಿ ಇಲ್ಲದ ಮನೆ ಅಪರೂಪ. ಅವರ ಬಳಿ ವಾರಕ್ಕೆ ಎರಡು ಸಂಜೆ ಕುಳಿತು ಒಂದು ಬ್ಯಾಲೆನ್ಸ್ ಶೀಟನ್ನು ಸಾಲು ಸಾಲಾಗಿ ಓದಿಸಿಕೊಳ್ಳಿ.

ಒಂದು ಉದ್ಯಮವನ್ನು ಬುಡದಿಂದ ತಿಳಿಯಿರಿ

ಎರಡನೆಯ ಹೆಜ್ಜೆಗೆ ಹೆಚ್ಚು ಸಮಯ ಬೇಕು, ಮತ್ತು ಹೆಚ್ಚಿನವರು ಜಾರುವುದೂ ಇಲ್ಲಿಯೇ. ಎಲ್ಲ ಉದ್ಯಮಗಳ ಬಗ್ಗೆ ಸ್ವಲ್ಪ ಸ್ವಲ್ಪ ತಿಳಿದಿರುವುದಕ್ಕಿಂತ ಒಂದನ್ನು ಪೂರ್ತಿ ತಿಳಿದಿರಬೇಕು. ಗೇರುಬೀಜವನ್ನೇ ನೋಡಿ. ಆಫ್ರಿಕಾದಿಂದ ಬರುವ ಹಸಿ ಬೀಜಕ್ಕೆ ಔಟ್‌ಟರ್ನ್ ನೋಡಿ ದರ ಕಟ್ಟುತ್ತಾರೆ. 80 ಕಿಲೋ ಮೂಟೆಗೆ 48 ಪೌಂಡ್ ಔಟ್‌ಟರ್ನ್ ಎಂದರೆ ಸುಮಾರು 22 ಕಿಲೋ ತಿರುಳು ಸಿಗುತ್ತದೆ ಎಂದರ್ಥ. ಬೇಯಿಸಿ, ಒಡೆದು, ಬೋರ್ಮಾ ಎಂಬ ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸಿ, ಪೊರೆ ಬಿಡಿಸಿ, ಗ್ರೇಡ್ ಮಾಡುವ ಹೊತ್ತಿಗೆ ಅದೇ ಮೂಟೆಯಿಂದ ಇಡೀ ಬೀಜದ ಗ್ರೇಡ್‌ಗಳಾದ ಡಬ್ಲ್ಯು 180, ಡಬ್ಲ್ಯು 240, ಡಬ್ಲ್ಯು 320, ಎರಡು ಹೋಳಾದ ಸ್ಪ್ಲಿಟ್, ತುಂಡು ಎಂದು ಹಲವು ಮಾಲುಗಳು ಹೊರಬರುತ್ತವೆ; ಸಿಪ್ಪೆಯಿಂದ ಎಣ್ಣೆಯೂ ಸಿಗುತ್ತದೆ. ಇಆರ್‌ಪಿಯಲ್ಲಿರುವ ಬಿಲ್ ಆಫ್ ಮೆಟೀರಿಯಲ್ ಸಾಮಾನ್ಯವಾಗಿ ಹಲವು ವಸ್ತುಗಳು ಸೇರಿ ಒಂದು ಮಾಲು ಆಗುವ ಕ್ರಮವನ್ನು ಹೇಳುತ್ತದೆ. ಇಲ್ಲಿ ಅದು ತಲೆಕೆಳಗು.

ನನ್ನ ಮೊದಲ ಕನ್ಸಲ್ಟಿಂಗ್ ಕೆಲಸದಲ್ಲಿ ಮೂಟೆಯ ವೆಚ್ಚವನ್ನು ಎಲ್ಲ ಗ್ರೇಡ್‌ಗಳಿಗೂ ತೂಕದ ಪ್ರಕಾರ ಹಂಚಿದ್ದೆ. ಪ್ರೋಗ್ರಾಮ್‌ನಲ್ಲಿ ಒಂದು ದೋಷವೂ ಇರಲಿಲ್ಲ. ಕಾರ್ಖಾನೆಯ ಲೆಕ್ಕ ನೋಡುತ್ತಿದ್ದ ಹಿರಿಯರೊಬ್ಬರು ವರದಿಯನ್ನು ಓದಿ, “ಹೀಗಾದ್ರೆ ತುಂಡಿನ ಮೇಲೆ ದಿನಾ ನಷ್ಟ ಅಲ್ವಾ ಸರ್? ತುಂಡು ಮಾರುವುದನ್ನೇ ನಿಲ್ಲಿಸಬೇಕಾ?” ಎಂದು ಕೇಳಿದರು. ಕಿಲೋವೊಂದಕ್ಕೆ ಎಲ್ಲದಕ್ಕೂ ಸಮಾನವಾಗಿ 650 ರೂಪಾಯಿ ವೆಚ್ಚ ಬಿತ್ತು ಎಂದುಕೊಳ್ಳೋಣ. 550 ರೂಪಾಯಿಗೆ ಮಾರುವ ತುಂಡಿನಲ್ಲಿ 100 ರೂಪಾಯಿ ನಷ್ಟ ಕಾಣುತ್ತದೆ, 900 ರೂಪಾಯಿಗೆ ಮಾರುವ ಇಡೀ ಬೀಜದಲ್ಲಿ ಅತಿಯಾದ ಲಾಭ ಕಾಣುತ್ತದೆ. ಆದರೆ ಬೀಜ ಒಡೆಯುವಾಗ ತುಂಡಾಗುವುದು ಯಾರ ಆಯ್ಕೆಯೂ ಅಲ್ಲವಾದ್ದರಿಂದ ಅಲ್ಲಿ ವೆಚ್ಚವನ್ನು ಮಾರಾಟ ಮೌಲ್ಯದ ಅನುಪಾತದಲ್ಲಿ ಹಂಚಬೇಕಿತ್ತು. ಆ ದಿನದ ಪ್ರಶ್ನೆ ನನಗೆ ಕಲಿಸಿದ್ದನ್ನು ಯಾವ ತರಬೇತಿಯೂ ಕಲಿಸಿರಲಿಲ್ಲ.

ಹಾಗಾಗಿ ಪರಿಚಯದ ಕಾರ್ಖಾನೆಯೊಂದರಲ್ಲಿ, ಅದು ಬೈಕಂಪಾಡಿಯ ಘಟಕವಾಗಲಿ, ಮಲ್ಪೆಯ ಮೀನು ಸಂಸ್ಕರಣೆಯಾಗಲಿ, ಅನುಮತಿ ಪಡೆದು ಹತ್ತು ದಿನ ಕುಳಿತುಕೊಳ್ಳಿ. ಗೇಟಿನಲ್ಲಿ ಲಾರಿ ತೂಗುವಲ್ಲಿಂದ ಹಣ ಪಾವತಿಯಾಗುವವರೆಗೆ ಒಂದೊಂದು ಚೀಟಿಯನ್ನೂ ಹಿಂಬಾಲಿಸಿ. ಕಾನ್ಫರೆನ್ಸ್ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಕ್ರಮ ಒಂದಿರುತ್ತದೆ, ಗೋದಾಮಿನವರು ತುಳುವಿನಲ್ಲಿ ಹೇಳುವುದು ಇನ್ನೊಂದಿರುತ್ತದೆ. ಎರಡನೆಯದನ್ನು ಕೇಳಿಸಿಕೊಳ್ಳಬಲ್ಲ ಕಿವಿ ಊರಿನವರಾದ ನಿಮಗೆ ಆಗಲೇ ಇದೆ.

ಯಾವ ತಂತ್ರಾಂಶ?

ದೊಡ್ಡ ಸಂಸ್ಥೆಗಳ ಕೆಲಸ ಬೇಕೆಂದಿರುವವರಿಗೆ ಜರ್ಮನಿಯ ಸ್ಯಾಪ್ ಕಂಪನಿಯ ಇಆರ್‌ಪಿ ಈಗ ಒಳ್ಳೆಯ ಬಾಗಿಲು. ಅದರ ಹಳೆಯ ಆವೃತ್ತಿಗೆ ಕಂಪನಿಯು ಕೊಡುವ ಸಾಮಾನ್ಯ ಬೆಂಬಲವು 2027ರ ಕೊನೆಗೆ, ಹೆಚ್ಚುವರಿ ಶುಲ್ಕದ ಬೆಂಬಲವು 2030ರ ಕೊನೆಗೆ ಮುಗಿಯುವುದೆಂದು ಘೋಷಿಸಲಾಗಿದ್ದು, ಅನೇಕ ಸಂಸ್ಥೆಗಳು 2015ರಲ್ಲಿ ಬಂದ ಎಸ್/4 ಹಾನಾ ಆವೃತ್ತಿಗೆ ಸ್ಥಳಾಂತರಗೊಳ್ಳುತ್ತಿವೆ. ಸ್ಥಳಾಂತರವೆಂದರೆ ಹಳೆಯ ದತ್ತಾಂಶವನ್ನು ಶುಚಿಗೊಳಿಸಿ ಸಾಗಿಸುವುದು, ಬೇರೆ ತಂತ್ರಾಂಶಗಳೊಂದಿಗೆ ಇಂಟರ್‌ಫೇಸ್ ಕಟ್ಟುವುದು, ಹಳೆಯ ಕೋಡ್ ಪರಿಶೀಲಿಸುವುದು. ಅನುಭವಿ ಪ್ರೋಗ್ರಾಮರ್ ಮೊದಲ ದಿನದಿಂದಲೇ ಉಪಯುಕ್ತರಾಗುವ ಜಾಗ ಇದು. ಟೆಕ್ನಿಕಲ್ ಕನ್ಸಲ್ಟೆಂಟ್ ಆಗಿ ಹೀಗೆ ಒಳಬಂದು, ಖರೀದಿ, ಮಾರಾಟದಂಥ ಒಂದು ಮಾಡ್ಯೂಲಿನ ಫಂಕ್ಷನಲ್ ಕೆಲಸವನ್ನು, ಅಂದರೆ ಅದನ್ನು ವ್ಯವಹಾರಕ್ಕೆ ಹೊಂದಿಸುವುದನ್ನು, ಪಕ್ಕದಲ್ಲಿದ್ದು ಕಲಿಯುವುದೇ ಸುರಕ್ಷಿತ ದಾರಿ. ಸರ್ಟಿಫಿಕೇಟ್ ಪರೀಕ್ಷೆಯನ್ನು ಆ ಬಳಿಕ ಬರೆಯಿರಿ. ಅದು ಸಂದರ್ಶನದ ಕರೆ ತರಬಹುದು, ಕೆಲಸ ಉಳಿಸುವುದಿಲ್ಲ.

ಊರಿನ ಮಧ್ಯಮ ಗಾತ್ರದ ಉದ್ಯಮಗಳಿಗೆ ಕೆಲಸ ಮಾಡುವುದಾದರೆ ಮುಂಬೈಯ ಫ್ರಾಪೆ ಸಂಸ್ಥೆಯ ಇಆರ್‌ಪಿನೆಕ್ಸ್ಟ್ ಅಥವಾ ಓಡೂ ಎಂಬ ಇನ್ನೊಂದು ಇಆರ್‌ಪಿಯ ಕಮ್ಯೂನಿಟಿ ಆವೃತ್ತಿಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಶುಲ್ಕವಿಲ್ಲದೆ ಹಾಕಿಕೊಂಡು ಅಭ್ಯಾಸ ಮಾಡಬಹುದು. ಬಹುಪಾಲು ಮಾಲೀಕರ ಲೆಕ್ಕ ಟ್ಯಾಲಿಯಲ್ಲಿರುವುದರಿಂದ ಎಕ್ಸ್‌ಎಂಎಲ್ ಮೂಲಕ ಟ್ಯಾಲಿಗೆ ವೋಚರ್ ಕಳುಹಿಸುವುದನ್ನು ಕಲಿತಿಡಿ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್‌ನಿಂದ ಜಿಎಸ್‌ಟಿ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸುವ ಬಿಲ್) ಕಡ್ಡಾಯವಾದ್ದರಿಂದ ಅದೂ ತಿಳಿದಿರಬೇಕು.

ಕೈ ಕಟ್ಟಿಕೊಳ್ಳುವ ಅಭ್ಯಾಸ

ಗ್ರಾಹಕರು ಏನನ್ನೇ ಕೇಳಿದರೂ ಕೋಡ್ ಬರೆದುಕೊಡುವ ಉತ್ಸಾಹವನ್ನು ಬಿಡುವುದು ನಮ್ಮಂಥವರಿಗೆ ನಿಜಕ್ಕೂ ಕಷ್ಟ. ಹೊಸದಾಗಿ ಬರೆದ ಪ್ರತಿ ಸಾಲನ್ನೂ ಮುಂದಿನ ಪ್ರತಿ ಅಪ್‌ಗ್ರೇಡ್‌ನಲ್ಲಿ ಮತ್ತೆ ಪರೀಕ್ಷಿಸಬೇಕಾಗುತ್ತದೆ, ಅದರ ಖರ್ಚು ಗ್ರಾಹಕರದು. ಆದ್ದರಿಂದ ಮೊದಲು “ಈ ವರದಿಯನ್ನು ನೋಡಿ ನೀವು ಯಾವ ನಿರ್ಧಾರ ಮಾಡುತ್ತೀರಿ?” ಎಂದು ಕೇಳಿ, ಆಮೇಲೆ ತಂತ್ರಾಂಶದಲ್ಲಿ ಇರುವ ವ್ಯವಸ್ಥೆಯಿಂದಲೇ ಆಗುತ್ತದೆಯೇ ಎಂದು ನೋಡಿ, ಎರಡೂ ದಾರಿ ಮುಚ್ಚಿದಾಗ ಮಾತ್ರ ಕೋಡ್ ಬರೆಯಿರಿ. ಪ್ರತಿ ಸಭೆಯ ನಿರ್ಣಯವನ್ನು ಅದೇ ದಿನ ಒಂದು ಪುಟದಲ್ಲಿ ಬರೆದು ಕಳುಹಿಸಿ ಒಪ್ಪಿಗೆ ಪಡೆಯಿರಿ.

ಒಪ್ಪಂದ ಮತ್ತು ಹಣ

ಸ್ವತಂತ್ರವಾಗಿ ಹೊರಡುವವರು ಆರು ತಿಂಗಳ ಮನೆಖರ್ಚನ್ನು ಪಕ್ಕಕ್ಕಿಟ್ಟೇ ಕೆಲಸ ಬಿಡಬೇಕು. ಇಡೀ ಯೋಜನೆಗೆ ಒಮ್ಮೆಲೇ ನಿಗದಿತ ದರ ಹೇಳಬೇಡಿ. ಎರಡು ಮೂರು ವಾರಗಳ ಅಧ್ಯಯನವನ್ನು ಪ್ರತ್ಯೇಕ ಶುಲ್ಕಕ್ಕೆ ಮಾಡಿ, ವ್ಯಾಪ್ತಿಯನ್ನು ಬರೆದು, ಆಮೇಲೆ ದರ ಹೇಳಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನು ಮೊದಲೇ ಮಾಡಿಸಿಕೊಳ್ಳಿ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರದಂತೆ ಹಣ ಪಾವತಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ.

ಹೊಸ ತಂತ್ರಾಂಶ ಚಾಲನೆಗೆ ಬಂದ ದಿನ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಮೊದಲ ತಿಂಗಳ ಕೊನೆಯ ಮೂರು ದಿನ ಗ್ರಾಹಕರ ಲೆಕ್ಕದ ಕೋಣೆಯಲ್ಲೇ ಇದ್ದು, ಗೋದಾಮಿನಲ್ಲಿ ಎಣಿಸಿದ ದಾಸ್ತಾನು, ತಂತ್ರಾಂಶದಲ್ಲಿರುವ ದಾಸ್ತಾನು ಮತ್ತು ಲೆಡ್ಜರ್‌ನಲ್ಲಿರುವ ಅದರ ಮೌಲ್ಯ ತಾಳೆಯಾಗುವುದನ್ನು ಕಣ್ಣಾರೆ ನೋಡಿ. ತಾಳೆಪಟ್ಟಿಗೆ ಅವರ ಸಹಿ ಪಡೆದು, ಅದರ ಪ್ರತಿಯನ್ನು ಲಗತ್ತಿಸಿ ಕೊನೆಯ ಕಂತಿನ ಬಿಲ್ ಕೊಡಿ.